ಎಮ್ಮೆಗೆ ಕೇಳಿಸದಂತೆ

ನಾವು ಮನೆಗೆ ಬೀಗ ಹಾಕಿ ಆಫ್ರಿಕಾಕ್ಕೆ ಹೊರಡುತ್ತೇವೆಂಬ ಸುದ್ದಿ ಹಬ್ಬಿದಾಗ ಹುಮನಾಬಾದಿನ ನಮ್ಮ ಓಣಿಯವರು ಮೊದಲು ಕೇಳಿದ್ದು ಎಮ್ಮೆಯ ವಿಚಾರ. ಅಲ್ಲಿ ಸಿಂಹ ಓಡಾಡುತ್ತವೆಯೇ, ಎಂಥ ಜ್ವರ ಬರುತ್ತದೆ ಎಂಬುದೆಲ್ಲ ಆಮೇಲೆ. "ಎಮ್ಮೀನ ಏನ್ ಮಾಡ್ತೀರಿ, ಸಿಸ್ಟರ್?"

ನಾನು ನರ್ಸ್, ಹೀಗಾಗಿ ಊರಿಗೆಲ್ಲ ಸಿಸ್ಟರ್. ನಮ್ಮ ಚರ್ಚಿನವರು ಅಲ್ಲಿಯ ಒಂದು ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಮಾಡಲು ನಮ್ಮ ಕುಟುಂಬವನ್ನು ಆರಿಸಿದ್ದರು. ನನಗೆ ಹೆರಿಗೆ ವಾರ್ಡು. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನ ಗಂಡನಿಗೆ ಅಲ್ಲಿಯ ಜನರೇಟರು. ಮಗಳಿಗೆ ಅಲ್ಲಿಯದೇ ಶಾಲೆ. ಒಂದು ಕಾಲಕ್ಕೆ ದೊರೆಸಾನಿಯೊಬ್ಬರು ಹಡಗು ಹತ್ತಿ ಬಂದು ನನ್ನ ಅಜ್ಜಿಯ ಬಾಣಂತನ ಮಾಡಿಸಿದ್ದರಂತೆ. ಈಗ ನಮ್ಮ ಪಾಳಿ ಎಂದು ಪಾಸ್ಟರು ಹೇಳಿದಾಗ ನಾನು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಎಮ್ಮೆ ನೆನಪಾದದ್ದು ಮನೆಗೆ ಬಂದ ಮೇಲೆ.

ಅದು ಬಸವಕಲ್ಯಾಣದ ನನ್ನ ತವರಿನದು. ತೀರಿಕೊಳ್ಳುವ ಮುಂಚೆ ನಮ್ಮವ್ವ ಒಂದು ದಿನ ಇದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಕಟ್ಟಿದಳು. "ಸಂಬಳದಾಕಿ ಅಂತ ಸೊಕ್ಕೇನು ನಿನಗ? ಪಾಕೀಟ್ ಹಾಲು ಕುಡಿಸಿ ಮಗೀನ ಬೆಳಸ್ತಿಯೇನು?" ಎಂದು ನನ್ನನ್ನು ಬೈದು, ನೀರು ಸಹ ಕುಡಿಯದೆ ವಾಪಸು ಹೋದಳು. ಅವ್ವನಿಂದ ನನಗೆ ಬಂದದ್ದು ಎರಡೇ, ಆ ಎಮ್ಮೆ ಮತ್ತು ಆ ಬಾಯಿ. ಎರಡಕ್ಕೂ ಒಂದಕ್ಕೊಂದು ಬಹಳ ಹೊಂದಿಕೆ. ಕೊನೆಯ ಸಲ ಈದಾಗ ಅದರ ಕರು ಸತ್ತಮೇಲಂತೂ ಎಮ್ಮೆ ನನ್ನ ಬೈಗುಳ ಕೇಳಿದರೇನೇ ಹಾಲು ಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಯಾರಿಗೂ ಅನ್ನಲಾಗದ್ದನ್ನೆಲ್ಲ ಸಂಜೆ ಅದರ ಕೆಚ್ಚಲ ಹತ್ತಿರ ಕುಳಿತು ಅಂದು ಮುಗಿಸುತ್ತಿದ್ದೆ. ಅದು ಕಿವಿ ಅಲ್ಲಾಡಿಸುತ್ತ ಕೇಳುತ್ತಿತ್ತು.

ತಮ್ಮನ ಹತ್ತಿರ ಬಿಟ್ಟುಹೋಗೋಣವೆಂದು ಬಸವಕಲ್ಯಾಣಕ್ಕೆ ಹೋದೆ. ಅವ್ವನ ಕೊಟ್ಟಿಗೆ ಇದ್ದ ಜಾಗದಲ್ಲಿ ಅವನು ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದ. "ಮಾರಿಬಿಡು ಅಕ್ಕಾ, ಚಿಂತಿ ಹೋಗ್ತದ" ಅಂದ. ಬೇರೆಯವರಿಗೆ ಹಾಲು ಕೊಡದ ಎಮ್ಮೆಯನ್ನು ಕೊಂಡವರು ಎಲ್ಲಿಗೆ ಸಾಗಿಸುತ್ತಾರೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನ ಮನೆಯಲ್ಲಿ ಊಟ ಮಾಡದೆ ಬಸ್ಸು ಹತ್ತಿದೆ. ಅವ್ವನ ಮಗಳೇ ತಾನೆ.

ಕೊನೆಗೆ ಕೈಹಿಡಿದವರು ಪಕ್ಕದ ಮನೆಯ ಅಕ್ಕ, ಓಣಿಗೆಲ್ಲ ಆಪಾ. ಗಾದಿ ಹೊಲಿದು ಮಾರುವ ಮನೆತನ, ನಮಗೂ ಅವರಿಗೂ ಹಿತ್ತಲ ಗೋಡೆ ಒಂದೇ. "ನಾ ನೋಡ್ಕೋತೀನಿ ಬಿಡ್ರಿ ಸಿಸ್ಟರ್. ಹಾಲು ನಮಗ, ಎಮ್ಮಿ ನಿಮಗ" ಅಂದರು. ಆದರೆ ಎಮ್ಮೆ ಒಪ್ಪಬೇಕಲ್ಲ! ಆಪಾರದು ಬೆಣ್ಣೆಯಂಥ ಮಾತು. "ಬಾ ಬೇಟಿ, ಕೊಡು ಬೇಟಿ" ಎಂದು ಸವರಿದಷ್ಟೂ ಅದು ಹಾಲು ಏರಿಸಿಕೊಂಡು ನಿಲ್ಲುತ್ತಿತ್ತು. ಒಮ್ಮೆ ಚರಿಗೆಯನ್ನು ಒದ್ದು ಗೋಡೆಗೆ ಬಡಿಯಿತು. ಆಪಾ ಸೋತು ಕರೆದ ಮೇಲೆ ನಾನು ಹೋಗಿ ನಾಲ್ಕು ಬೈದು ಹಿಂಡುತ್ತಿದ್ದೆ. ನನ್ನ ಗಂಡ ನನ್ನನ್ನು ಕೇಳದೆಯೇ ಒಬ್ಬ ದಲ್ಲಾಳಿಗೆ ಮಾತು ಕೊಟ್ಟ. ಹೊರಡುವ ಹಿಂದಿನ ಸಂಜೆಯವರೆಗೆ ಎಮ್ಮೆ ಆಪಾರ ಕೈಗೆ ಹತ್ತದಿದ್ದರೆ ಅವನು ಬಂದು ಹೊಡೆದುಕೊಂಡು ಹೋಗುವುದು. ದಲ್ಲಾಳಿ ಒಮ್ಮೆ ಬಂದು ಎಮ್ಮೆಯ ಬೆನ್ನು ಸವರಿ ನೋಡಿ ಹೋದ. ಆ ರಾತ್ರಿ ನಾನು ಅಡುಗೆ ಮಾಡಲಿಲ್ಲ.

ತಪ್ಪು ಎಲ್ಲಿದೆ ಎಂದು ಕಂಡುಹಿಡಿದವರು ಆಪಾರೇ. "ನೀವು ಬಂದೇ ಬರ್ತೀರಿ ಅಂತ ಅದಕ್ಕ ಗೊತ್ತದ. ಅದಕ್ಕೇ ಕಾಯ್ತದ. ಇನ್ನ ಬರಬ್ಯಾಡ್ರಿ. ನಾ ಹಿಂಡೋ ಹೊತ್ತಿಗಿ ಮನ್ಯಾಗ ದನೀನೂ ತೆಗೀಬ್ಯಾಡ್ರಿ."

ಹೀಗೆ ನನ್ನ ಮನೆಯಲ್ಲೇ ನಾನು ಹೊತ್ತುಹೊತ್ತಿಗೆ ಮೂಕಿಯಾದೆ. ಸಾಮಾನು ಕಟ್ಟುವ ಕೆಲಸ ಜೋರಾಗಿ ನಡೆದಿತ್ತು. ನನ್ನ ಗಂಡ ಸರಿಯಾಗಿ ಹಿಂಡುವ ಹೊತ್ತು ನೋಡಿ ಪೆಟ್ಟಿಗೆಯಿಂದ ನನ್ನ ರೊಟ್ಟಿ ಹಂಚು ತೆಗೆದು ತನ್ನ ಪಾನಾ, ಇಕ್ಕಳಗಳನ್ನು ತುರುಕುತ್ತಿದ್ದ. ನಾನು ಕಣ್ಣು ಕೆಕ್ಕರಿಸುತ್ತಿದ್ದೆ, ಅವನು ನಗುತ್ತಿದ್ದ. ಹಿಂಡುವುದು ಮುಗಿದ ಕೂಡಲೇ ಹಂಚು ಒಳಗೆ, ಇಕ್ಕಳ ಹೊರಗೆ. ಹಿತ್ತಲಲ್ಲಿ ಎಮ್ಮೆ ಕೆಚ್ಚಲು ಬಿಗಿದುಕೊಂಡು ಕೂಗುತ್ತಿತ್ತು. ಆಪಾ ಗುದ್ದಾಡಿ ಅಷ್ಟಿಷ್ಟು ಹಾಲು ಇಳಿಸುತ್ತಿದ್ದರು. ಅದರ ಕೂಗು ಕೇಳುತ್ತ ಅಡುಗೆಮನೆಯಲ್ಲಿ ನಾನು ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಇಷ್ಟು ದೂರ ಯಾರದೋ ಹೆರಿಗೆ ಮಾಡಿಸಲು ಹೋಗುವವಳು ಮನೆಯ ಮೂಕಪ್ರಾಣಿಗೆ ಹೀಗೆ ಮಾಡಬಹುದೇ ಎಂದು ದೇವರನ್ನೇ ಕೇಳಿದೆ, ಅದೂ ಮನಸ್ಸಿನಲ್ಲೇ.

ಹೊರಡುವ ಹಿಂದಿನ ಸಂಜೆ ನಮ್ಮನ್ನು ಬೀಳ್ಕೊಡಲು ಮನೆಯಲ್ಲಿ ಪ್ರಾರ್ಥನೆಕೂಟ ಇತ್ತು. ಚಾಪೆ ತುಂಬ ಜನ. ದಲ್ಲಾಳಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಹಾಡು ಮುಗಿದು ಪಾಸ್ಟರು, "ಸಿಸ್ಟರ್, ಎರಡು ಮಾತು ಹೇಳ್ರಿ" ಅಂದಾಗ ಆಪಾ ಆಗಲೇ ಹಿತ್ತಲಿಗೆ ಇಳಿದಿದ್ದರು. ನಾನು ಎದ್ದು ನಿಂತು ತುಟಿಯ ಮೇಲೆ ಬೆರಳಿಟ್ಟು ಹಿಂಬಾಗಿಲು ತೋರಿಸಿದೆ. ವಿಷಯ ಎಲ್ಲರಿಗೂ ಗೊತ್ತಿತ್ತು. ಮನೆ ಗಪ್ಪಾಯಿತು.

ಆಗ ಹಿತ್ತಲಿನಿಂದ ಆಪಾರ ದನಿ ಬಂತು, ಗಟ್ಟಿಯಾಗಿ. "ಸೊಕ್ಕೇನು ನಿನಗ? ಸಂಬಳದಾಕಿ ಏನು ನೀ? ಬಾಯಿ ಸತ್ತಾಕಿ ಅಂತ ತಿಳ್ಕೊಂಡಿಯೇನು ನನಗ?" ಗೋಡೆಯಾಚೆಯಿಂದ ಇಷ್ಟು ವರ್ಷ ನನ್ನ ಬೈಗುಳ ಕೇಳಿ ಕೇಳಿ ಕಲಿತದ್ದು. ನಾನು ಅದನ್ನು ಅವ್ವನಿಂದ ಕಲಿತದ್ದು. ಆಮೇಲೆ ಚರಿಗೆಯ ತಳಕ್ಕೆ ಹಾಲು ಬೀಳುವ ಸದ್ದು ಕೇಳಿಸಿತು, ನಿಲ್ಲದೆ. ನನ್ನ ಗಂಡ ಎದ್ದು ಹೊರಗೆ ಹೋಗಿ ದಲ್ಲಾಳಿಗೆ ಕೈಮುಗಿದು ಕಳಿಸಿಬಂದ.

ಆಪಾ ತುಂಬಿದ ಚರಿಗೆ ಹಿಡಿದು ಬಾಗಿಲಿಗೆ ಬಂದು, "ಆತ್ರಿ, ಈಗ ಮಾತಾಡ್ರಿ" ಅಂದರು. ಏನೇನೋ ಹೇಳಬೇಕೆಂದುಕೊಂಡಿದ್ದೆ. "ಚಹಾ ಇಡ್ತೀನಿ" ಅಂದು ಒಳಗೆ ಹೋದೆ.

ಬೆಳಿಗ್ಗೆ ಹೈದರಾಬಾದಿಗೆ ಹೋಗುವ ಕಾರು ಬಂದಾಗ ಆಪಾ ಮತ್ತೆ ಹಿಂಡುತ್ತಿದ್ದರು. ಒಮ್ಮೆ ಹೋಗಿ ಅದರ ಹಣೆ ಮುಟ್ಟಿ ಬರಬೇಕೆಂದು ಜೀವ ಎಳೆಯಿತು. ಹೋಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟಿ ಕಾರು ಹತ್ತಿದೆ. ಪೆಟ್ಟಿಗೆ ಏರಿಸುವಾಗ ಗಂಡ ಹಂಚನ್ನು ಮತ್ತೆ ಹೊರಗಿಟ್ಟದ್ದು ಕಂಡರೂ ಸುಮ್ಮನಿದ್ದೆ. ಅವನೇ ಗಾಬರಿಯಾಗಿ ಅದನ್ನು ಒಳಗೆ ಹಾಕಿದ.

ಮನ್ನಾಏಖೇಳ್ಳಿ ಬರುವವರೆಗೂ ನಾನು ತುಟಿ ಬಿಚ್ಚಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು, "ಅಮ್ಮಾ, ಇಲ್ಲಿಂದ ಎಮ್ಮಿಗಿ ಕೇಳಂಗಿಲ್ಲ."

ನಾನು ಗಟ್ಟಿಯಾಗಿ ಅತ್ತುಬಿಟ್ಟೆ.