ಒಲೆ ಹೆತ್ತ ಮರಿ

ಒಲೆಯ ಹಿಂದೆ ಮಲಗಿಸಿದ ಒದ್ದೆ ಕುರಿಮರಿ ಒಣಗುವಾಗ ಉಣ್ಣೆ, ಹಾಲು, ಬೆರಣಿ ಹೊಗೆ ಸೇರಿ ಒಂದು ವಾಸನೆ ಏಳುತ್ತದೆ. ಮಂಗೋಲಿಯದ ಈ ಕಣಿವೆಯಲ್ಲಿ ನನ್ನ ಬಾಲ್ಯದ ವಸಂತಗಳೆಲ್ಲ ಆ ವಾಸನೆಯವು. ಈ ಬೆಳಗಿನ ಜಾವ ಸೊಲೊಂಗೊಳ ಗುಡಾರದಲ್ಲೂ ಅದೇ. ಆದರೆ ಚಿಮೆಡಕ್ಕ ಬಾಗಿಲಲ್ಲೇ ನಿಂತುಬಿಡುತ್ತಾರೆ.

“ಮರಿನ ಒಳಗೆ ಯಾವಾಗ ತಂದೆ?”

“ಹುಟ್ಟಿದ ಕೂಡ್ಲೇ ಅಕ್ಕ. ನಡುಗ್ತಿತ್ತು, ಒರೆಸಿ ಮಲಗಿಸಿದೆ. ಈಗ ತಾಯಿ ಹತ್ರ ಬಿಟ್ರೆ ಗುದ್ದುತ್ತೆ.”

“ಗುದ್ದದೆ ಏನ್ಮಾಡುತ್ತೆ? ಅದು ನೆಕ್ಕೋ ಮೊದ್ಲೇ ನೀನು ಒರೆಸಿದೀಯ. ಈಗ ಮೈಯೆಲ್ಲ ಹೊಗೆ. ಒಲೆನೇ ಹೆತ್ತಿದೆ ಅನ್ಕೊಂಡಿದೆ, ಪಾಪ.”

ಪೇಟೆಯಲ್ಲಿ ಬೆಳೆದ ಸೊಲೊಂಗೊ ನಗುವುದಿಲ್ಲ. ಹೋದ ಚಳಿಗಾಲದ ಹಿಮದಲ್ಲಿ ಗಂಡನ ಮನೆಯ ಕುರಿಗಳೆಲ್ಲ ಸತ್ತವು. ಈಗಿರುವವು ಊರ ಸಂಘ ಸಾಲವಾಗಿ ಕೊಟ್ಟ ಹೆಣ್ಣು ಕುರಿಗಳು. ಮೂರು ವರ್ಷದೊಳಗೆ ಅಷ್ಟೇ ಹೆಣ್ಣು ಮರಿಗಳನ್ನು ಬೆಳೆಸಿ ಕೊಟ್ಟರೆ ಅವು ಇನ್ನೊಂದು ಬಡವರ ಮನೆಗೆ ಹೋಗುತ್ತವೆ. ತಾಯಿ ಕುರಿಗಳು ಇವಳಿಗೇ ಉಳಿಯುತ್ತವೆ. ಮೊದಲ ಮರಿಯೇ ಸತ್ತರೆ, ಇವಳಿಗೆ ಸಾಕಲು ಬಾರದೆಂದು ಸಂಘದವರು ಎಲ್ಲವನ್ನೂ ಹಿಂದಕ್ಕೆ ಒಯ್ದಾರೆಂಬ ಭಯ.

ಸಾಲದ ಕುರಿಗಳನ್ನು ಮನೆ ಮುಟ್ಟಿಸುವುದು, ಮರಿ ಹಾಕುವ ಕಾಲದಲ್ಲಿ ಹಳೆಯ ಬೈಕಿನಲ್ಲಿ ಸುತ್ತಿ ನೋಡಿಕೊಳ್ಳುವುದು ಚಿಮೆಡಕ್ಕನ ಕೆಲಸ. ಅರವತ್ತು ದಾಟಿದೆ. ಗಂಡನೂ ಮಂದೆಯೂ ಒಂದೇ ಚಳಿಗಾಲದಲ್ಲಿ ಹೋದ ಮೇಲೆ ಅವರೂ ಇಂಥ ಕುರಿಗಳಿಂದಲೇ ಬದುಕು ಕಟ್ಟಿಕೊಂಡವರು. ಇಲ್ಲದವರ ಪಾಲು ಕಡಿಮೆಯಾಗಬಾರದೆಂದು ಯಾರ ಮನೆಯಲ್ಲೂ ಉಣ್ಣುವುದಿಲ್ಲ. ಈ ಮನೆಯಲ್ಲಿ “ಆ ಮನೇಲಿ ಆಯ್ತು” ಎನ್ನುತ್ತಾರೆ. ಆ ಮನೆಯಲ್ಲಿ, ಈ ಮನೇಲಿ ಆಯ್ತು ಎಂದು.

ದೊಡ್ಡಿಯಲ್ಲಿ ಅವರು ಮರಿಯ ಬೆನ್ನಿಗೆ ಉಪ್ಪು ಉಜ್ಜುತ್ತಾರೆ. ತಾಯಿಯ ಹಾಲನ್ನೇ ಕರೆದು ಬಾಲದವರೆಗೆ ಸವರುತ್ತಾರೆ. ಆಮೇಲೆ ಮೊಣಕಾಲೂರಿ, ಕುರಿಯ ಕೊರಳು ತಬ್ಬಿ, ಮರಿಯನ್ನು ಒಲ್ಲದ ತಾಯಿಯನ್ನು ಒಲಿಸುವ ಹಳೆಯ ಹಾಡು, “ತೊಯ್ಗ್... ತೊಯ್ಗ್...” ಎಂದು ಮೆಲ್ಲಗೆ ರಾಗ ಎಳೆಯುತ್ತಾರೆ. ಕುರಿ ಒದೆಯುತ್ತದೆ. ರಾಗ ನಿಲ್ಲುವುದಿಲ್ಲ.

“ನೀನೂ ಹಾಡು. ನಾಳೆ ನಾನಿರಲ್ಲ.”

ಸೊಲೊಂಗೊ ನಾಚುತ್ತ ದನಿಗೂಡಿಸುತ್ತಾಳೆ.

“ಕುರಿಗೆ ಕೇಳ್ಬೇಕಮ್ಮ, ಒಲೆಗಲ್ಲ.”

ಈಗ ಅವಳಿಗೂ ನಗು. ಬಿಸಿಲು ಗುಡ್ಡ ಇಳಿದು ದೊಡ್ಡಿ ಮುಟ್ಟುವ ಹೊತ್ತಿಗೆ ಕುರಿ ತಲೆ ತಿರುಗಿಸಿ ಉಪ್ಪು ನೆಕ್ಕುತ್ತದೆ. ಮತ್ತೆ ನೆಕ್ಕುತ್ತದೆ. ಮರಿಯ ಬಾಲ ಪಟಪಟ ಆಡುತ್ತದೆ. ಅದಕ್ಕೆ ಮೊಲೆ ಸಿಕ್ಕಿದೆ.

“ಸಂಘದವ್ರಿಗೆ ಹೇಳ್ತೀರಾ ಅಕ್ಕ?”

“ಹೇಳ್ದೆ ಇರ್ತೀನಾ? ಸೊಲೊಂಗೊ ಮನೇಲಿ ಹೆಣ್ಣು ಮರಿ, ಚೆನ್ನಾಗಿ ಹಾಲು ಕುಡೀತಿದೆ ಅಂತೀನಿ.” ಚಿಮೆಡಕ್ಕ ಕೈಗಂಟಿದ ಉಪ್ಪು ಕೊಡವುತ್ತಾರೆ. “ಇದನ್ನ ಮುಂದಿನ ಮನೆಗೆ ನಾನೇ ಹೊಡ್ಕೊಂಡು ಹೋಗ್ಬೇಕು. ಅಲ್ಲೀವರೆಗೂ ಮಂಡಿ ಗಟ್ಟಿಯಾಗಿದ್ರೆ ಸಾಕು.”

ಬೈಕಿನತ್ತ ಹೊರಟವರ ಎದುರಿಗೆ ಸೊಲೊಂಗೊ ಬಂದು ನಿಲ್ಲುತ್ತಾಳೆ. ಮೇವು ತರಲು ಹೋದ ಗಂಡನಿಗೆಂದು ಎತ್ತಿಟ್ಟಿದ್ದ ಮಾಂಸದ ಸಾರು, ಬಿಸಿ ಮಾಡಿದ್ದಾಳೆ. ಊಟ ಆಯಿತೇ ಎಂದು ಕೇಳುವುದಿಲ್ಲ. ಹಿರಿಯರಿಗೆ ಕೊಡುವ ರೀತಿಯಲ್ಲಿ ಬಲಗೈಗೆ ಎಡಗೈ ಆನಿಸಿ, ಬಟ್ಟಲನ್ನು ಸುಮ್ಮನೆ ಚಿಮೆಡಕ್ಕನ ಕೈಗಿಡುತ್ತಾಳೆ.