ತುದಿಗಾಲಿನ ಹುಡುಗಿಯನ್ನು ಬರೆದ ಟೀಚರಮ್ಮ

ನನ್ನ ಮೊಮ್ಮಗಳು ಬರೆದ ಕಾದಂಬರಿ ಅಚ್ಚಾಗಿ ಇವತ್ತು ಬೆಳಿಗ್ಗೆ ಮನೆಗೆ ಬಂತು! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಜ್ಜಿ ನಾನು. ಪುಸ್ತಕ ಹಿಡಿದು ಬೀದಿಯ ಮನೆಮನೆಗೂ ತೋರಿಸಿ ಬಂದೆ, ಹಾಲಿನವನನ್ನೂ ಬಿಡಲಿಲ್ಲ. ಆದರೆ ಮೊದಲು ತೋರಿಸಬೇಕಾಗಿದ್ದ ಟೀಚರಮ್ಮನೇ ಇಲ್ಲ. ಅದನ್ನು ನೆನೆದರೆ ಬಾಯೆಲ್ಲ ಕಹಿ.

ಟೀಚರಮ್ಮ ತೀರಾ ಕುಳ್ಳಗಿದ್ದರು. ಬಟ್ಟೆ ಒಣಹಾಕುವ ತಂತಿ ಎಟುಕದೆ, ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು, ತುದಿಗಾಲಲ್ಲಿ ನಿಂತು ಒದ್ದೆ ಸೀರೆ ಎಸೆಯುತ್ತಿದ್ದರು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಭದ್ರಾವತಿಯಲ್ಲಿ ನಾನು ಹೊಸ ಸೊಸೆ. ಪಕ್ಕದ ಮನೆಯಲ್ಲಿ ಮದುವೆಯಾಗದ ಅವರು, ಅವರ ಮುದಿ ತಾಯಿ.

ಯಾರದೋ ಮನೆಯ ವಿದೇಶಿ ಪತ್ರಿಕೆಯಲ್ಲಿ ಬ್ಯಾಲೆ ಕುಣಿಯುವ ಹುಡುಗಿಯರ ಚಿತ್ರ ನೋಡಿ ಅವರಿಗೆ ಹುಚ್ಚು ಹಿಡಿಯಿತು. ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯುವ ಒಬ್ಬಳ ಮೇಲೆ ಕಾದಂಬರಿಯನ್ನೇ ಬರೆಯಲು ಕೂತರು. ಶಾಲೆಗೆ ಬೇಸಿಗೆ ರಜೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಅಕ್ಕಿ ಮೊರ ಎತ್ತಿಕೊಂಡು ಹೋದರೆ ಹೊಸ ಹಾಳೆ ಕೈಗಿಡುತ್ತಿದ್ದರು.

“ಜೋರಾಗಿ ಓದು. ಎಲ್ಲಿ ಆಕಳಿಕೆ ಬರುತ್ತೋ ಅಲ್ಲಿ ಹೇಳು.”

ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಒಂದು ದಿನ, “ಟೀಚರಮ್ಮ, ಈ ಹುಡುಗಿ ಊಟಾನೇ ಮಾಡಲ್ವಲ್ಲ!” ಅಂದೆ.

“ಹೌದಲ್ಲ ಮಾರಾಯ್ತಿ!” ಅಂತ ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಆ ಹುಡುಗಿ ಕದ್ದು ರೊಟ್ಟಿ ತಿನ್ನುವ ಒಂದು ಪುಟವೇ ಸೇರಿತ್ತು. ನನ್ನ ಮಾತಿಗೂ ಒಂದು ಬೆಲೆ ಇದೆ ಅಂತ ನನಗೆ ಗೊತ್ತಾದದ್ದು ಅವತ್ತು.

ಕಾದಂಬರಿ ಶಿವಮೊಗ್ಗದ ಪ್ರೆಸ್ಸಿನಲ್ಲಿ ಅಚ್ಚಾಯಿತು. ನಮ್ಮ ಮಹಿಳಾ ಸಮಾಜದಲ್ಲಿ ಒಂದು ಪದ್ಧತಿ: ಒಂದೇ ಪ್ರತಿ ಮನೆಯಿಂದ ಮನೆಗೆ ತಿರುಗಬೇಕು, ಆಮೇಲೆ ಶುಕ್ರವಾರ ಲಲಿತಾ ಸಹಸ್ರನಾಮ ಮುಗಿದ ಮೇಲೆ ಎಲ್ಲರೂ ಅಭಿಪ್ರಾಯ ಹೇಳಬೇಕು. ಟೀಚರಮ್ಮ ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು ಬಂದರು. ಹೆಂಗಸರು ಅವರ ಕೈಗೆ ಕೋಸಂಬರಿ ಕೊಟ್ಟು ಶುರುಮಾಡಿದರು.

“ಮೊಣಕಾಲು ಕಾಣೋ ಲಂಗ ಹಾಕ್ಕೊಂಡು ಎಲ್ಲಿ ಕುಣಿದ್ರಿ ಟೀಚರಮ್ಮ?”

“ಕುಣಿದಿದ್ದು ನಾನಲ್ಲ. ಕಥೆ ಹುಡುಗಿ.”

“ಮತ್ತೆ ಕಾಲ್ಬೆರಳ ನೋವು ಅಷ್ಟು ಚೆನ್ನಾಗಿ ಹೆಂಗ್ ಬರೆದ್ರಿ?”

“ದಿನವೆಲ್ಲ ಕ್ಲಾಸಲ್ಲಿ ನಿಂತಿರ್ತೀನಲ್ರೀ. ನನ್ನ ಕಾಲು ನೋಯಲ್ವಾ?”

“ಬಟ್ಟೆ ಒಣಹಾಕೋವಾಗ್ಲೂ ತುದಿಗಾಲಲ್ಲೇ ನಿಲ್ತಾರೆ ಕಣ್ರೇ, ನಾನೇ ನೋಡಿದೀನಿ! ಮದ್ವೆ ಯಾಕಾಗ್ಲಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ.”

ನಕ್ಕವರೇ ಎಲ್ಲ. ಬರವಣಿಗೆ ಚೆನ್ನಾಗಿದ್ದದ್ದೇ ಟೀಚರಮ್ಮನ ಕುತ್ತಿಗೆಗೆ ಬಂತು. ಮಾತು ಬೀದಿಗೆ ಬಿತ್ತು, ಬೀದಿಯಿಂದ ಶಾಲೆಗೆ ಹೋಯಿತು. ಕುಣಿದವಳ ಹತ್ತಿರ ನಮ್ಮ ಹೆಣ್ಣುಮಕ್ಕಳು ಕಲಿಯುವುದು ಬೇಡ ಅಂದರು. ಕೆಲಸ ಹೋಯಿತು. ತಾಯಿಯನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಮನೆಪಾಠ ಹೇಳಿಕೊಂಡಿದ್ದರು.

ಒಮ್ಮೆ ನೋಡಲು ಹೋದೆ. “ಇನ್ನೊಂದು ಬರೀರಿ ಟೀಚರಮ್ಮ” ಅಂದೆ.

“ಬರೆದಿದ್ದೆ. ನೀರೊಲೆಗೆ ಹಾಕ್ದೆ. ಅದ್ರಲ್ಲೊಬ್ಳು ಕೊಲೆ ಮಾಡ್ತಾಳೆ ಮಾರಾಯ್ತಿ, ನನ್ನ ಜೈಲಿಗೆ ಹಾಕಿಬಿಟ್ರೆ?”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮತ್ತೆ ಅವರು ಏನೂ ಬರೆಯಲಿಲ್ಲ. ಕೆಲವು ವರ್ಷಕ್ಕೆ ತೀರಿಕೊಂಡರು. ಸುದ್ದಿ ಕೇಳಿ ಅದೇ ಸಮಾಜದ ಹೆಂಗಸರು, “ಪಾಪ, ಕೊನೆಗೆ ಕಾಲು ಬಹಳ ನೋಯ್ತಿತ್ತಂತೆ. ಕುಣಿದ ಕಾಲಲ್ವಾ” ಅಂದರು.

ಈ ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದೆವು. ಪಾಯಸ ಬಡಿಸುತ್ತಿದ್ದೆ. ನನ್ನ ಮಗ ನಗುತ್ತಾ ಮಗಳನ್ನು ಕೇಳಿದ: “ಅಲ್ವೇ, ನಿನ್ನ ಪುಸ್ತಕದಲ್ಲಿ ಮನೆ ಬಿಟ್ಟು ಓಡಿಹೋಗ್ತಾಳಲ್ಲ, ಅದು ಯಾರು? ನೀನೇನಾ?”

ಹುಡುಗಿಯ ಕೈ ಎಲೆಯ ಮೇಲೆ ನಿಂತುಹೋಯಿತು.

“ಇವಳು ಬರೆದೋಳು ಕಣೋ, ಓಡಿಹೋದೋಳಲ್ಲ” ಅಂದೆ. “ಇನ್ನೊಂದು ಸಲ ಈ ಮನೇಲಿ ಯಾರೂ ಆ ಮಾತು ಕೇಳಕೂಡದು.”

ನನ್ನ ಧ್ವನಿ ಅಷ್ಟು ಏರಿದ್ದನ್ನು ಅವನು ಕೇಳಿಯೇ ಇರಲಿಲ್ಲ, ತಲೆ ತಗ್ಗಿಸಿದ. ಸೌಟು ತುಂಬ ಪಾಯಸ ಎತ್ತಿ ಮೊದಲು ಅವಳಿಗೆ ಬಡಿಸಿದೆ. ಅವಳು ಉಣ್ಣತೊಡಗಿದ ಮೇಲೆ ನಾವೂ ಉಂಡೆವು.