ನ್ಯಾಮತಿಯ ಜನರೇಟರ್ ಕುಡಿದ ಹೊಂಗೆ ಎಣ್ಣೆ

ಮೂರು ವರ್ಷಗಳ ಹಿಂದೆ, ನಿವೃತ್ತಿಗೆ ಸ್ವಲ್ಪ ಮುಂಚೆ, ನಾನು ಒಂದು ಖಾಸಗಿ ಕಂಪನಿಯ ವಿದ್ಯುತ್ ವಿಭಾಗದಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪುಟ್ಟ ಡೇಟಾ ಸೆಂಟರ್‌ಗಳು ನನ್ನ ಉಸ್ತುವಾರಿಯಲ್ಲಿದ್ದವು. ಡೇಟಾ ಸೆಂಟರ್ ಎಂದರೆ ಆಸ್ಪತ್ರೆ, ಅಂಗಡಿ, ಮಂಡಿಗಳ ದಾಖಲೆ ಹೊತ್ತ ಕಂಪ್ಯೂಟರ್‌ಗಳ ಕೋಣೆ. ಲೈನ್ ಹೋದರೆ ಯುಪಿಎಸ್ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ, ಅಷ್ಟರೊಳಗೆ ಜನರೇಟರ್ ಓಡಬೇಕು. ತನ್ನ ತಪ್ಪಿನಿಂದ ಜನರೇಟರ್ ನಿಂತರೆ ಗುತ್ತಿಗೆ ಆಪರೇಟರ್ ಮನೆಗೆ ಹೋಗಬೇಕು. ಕಂಪನಿಯ ನಿಯಮ ಅದು.

ಡೀಸೆಲ್ ಬಿಟ್ಟು ಬಯೋಡೀಸೆಲ್‌ನಲ್ಲಿ ಓಡಿಸೋಣ ಎಂದು ಹಠ ಹಿಡಿದವಳು ನಾನು. ಹೊಂಗೆ ಎಣ್ಣೆಯನ್ನು ಕಾರ್ಖಾನೆಯಲ್ಲಿ ಸಂಸ್ಕರಿಸಿ, ಗ್ಲಿಸರಿನ್ ಬೇರ್ಪಡಿಸಿ, ತೆಳುವಾಗಿಸಿದ ಇಂಧನವದು. ಮೇಲಿನವರು ಮೂಗು ಮುರಿದರು. ನಾನು ಬಿಡುವವಳೇ? ನ್ಯಾಮತಿಯಲ್ಲಿ ಪ್ರಯೋಗ ಶುರು ಮಾಡಿಸಿದೆ.

ಅಲ್ಲಿನ ಆಪರೇಟರ್ ಮಹೇಶಪ್ಪ. ಸವಳಂಗದಿಂದ ಬೈಕಿನಲ್ಲಿ ಬರುತ್ತಿದ್ದರು, ಎಂಜಿನ್ ಕೆಲಸದಲ್ಲಿ ಪಳಗಿದ ಕೈ. ಮೊದಲ ದಿನವೇ ಇಂಧನವನ್ನು ಮೂಸಿ ನೋಡಿ, "ಇದರಾಗೆ ಇಂಜಿನ್ ಓಡ್ತೈತಾ ಮೇಡಂ?" ಎಂದರು.

"ನಿಮ್ಮೂರ ಹೊಂಗೆ ಎಣ್ಣೆನೇ ರೀ ಇದು, ಬೇರೇನೂ ಅಲ್ಲ. ಹೆದರಬ್ಯಾಡ್ರಿ. ಆದ್ರೆ ಒಂದು ತೊಟ್ಟು ಡೀಸೆಲ್ ಬೆರೆಸಿದ್ರೋ, ನೋಡ್ರಿ ಮತ್ತೆ!" ಎಂದೆ. ನಿಜ ಹೇಳಬೇಕೆಂದರೆ ಡೀಸೆಲ್ ಬೆರೆತರೆ ಎಂಜಿನ್‌ಗೆ ಏನೂ ಆಗುವುದಿಲ್ಲ. ನನ್ನ ಪ್ರಯೋಗದ ಅಂಕಿ ಕೆಡುತ್ತದೆ ಅಷ್ಟೆ.

ಎರಡನೆಯ ತಿಂಗಳು ಒಂದು ಬೆಳಿಗ್ಗೆ ಲೈನ್ ದುರಸ್ತಿಗೆಂದು ಕರೆಂಟ್ ತೆಗೆದರು. ಸಂಜೆಯವರೆಗೆ ಬರುವಂತಿರಲಿಲ್ಲ. ಜನರೇಟರ್ ಓಡುತ್ತಿತ್ತು, ಆದರೆ ಟ್ಯಾಂಕ್ ಬರಿದಾಗುತ್ತಿತ್ತು, ಬಯೋಡೀಸೆಲ್ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಹೊನ್ನಾಳಿಯಲ್ಲಿ ಮೀಟಿಂಗಿನಲ್ಲಿದ್ದೆ, ಫೋನ್ ಸೈಲೆಂಟ್. ಹೊರಗೆ ಬಂದು ನೋಡಿದರೆ ಮಹೇಶಪ್ಪನವರದೇ ಏಳು ಕರೆ. ಅಷ್ಟರಲ್ಲಿ ಎಂಟನೆಯದು ಬಂತು.

"ಮೇಡಂ, ಇಂಜಿನ್ ಕೆಮ್ಮಿ ಕೆಮ್ಮಿ ನಿಂತೋತು! ಬ್ಯಾಟ್ರಿ ಮ್ಯಾಲೆ ಐತೆ. ಹೆಂಗೆ ಮಾಡ್ಲಿ?"

"ಟ್ಯಾಂಕಿಗೆ ಏನು ಹಾಕಿದ್ರಿ?"

"ಹೊಂಗೆ ಎಣ್ಣೆ. ಊರಿನ ಗಾಣದಿಂದ ಎರಡು ಕ್ಯಾನ್ ತರಿಸಿದ್ದೆ. ಡೀಸೆಲ್ ಹಾಕಬ್ಯಾಡ್ರಿ ಅಂದಿದ್ರಲ್ಲ ನೀವು!"

ಅಯ್ಯೋ ದೇವರೇ! ಗಾಣದ ಹಸಿ ಎಣ್ಣೆ ಮಂದ, ಫಿಲ್ಟರ್‌ನಲ್ಲಿ ಇಳಿಯುವುದೇ ಇಲ್ಲ. ನ್ಯಾಮತಿ ಸೆಂಟರ್‌ನ ಎದುರಿಗೇ ಪೆಟ್ರೋಲ್ ಬಂಕ್ ಇತ್ತು. ನನ್ನ ಮಾತಿಗೆ ಕಟ್ಟುಬಿದ್ದು ಆ ಮನುಷ್ಯ ಅತ್ತ ತಲೆಯನ್ನೂ ಹಾಕಿರಲಿಲ್ಲ.

"ಬಂಕಿನಿಂದ ಡೀಸೆಲ್ ತರ್ರಿ, ಓಡ್ರಿ! ಟ್ಯಾಂಕ್ ವಾಲ್ವ್ ಬಂದ್ ಮಾಡ್ರಿ. ಎಣ್ಣೆ ಹೋಗೋ ಪೈಪು, ವಾಪಸ್ ಬರೋ ಪೈಪು, ಎರಡನ್ನೂ ಕ್ಯಾನಿಗೆ ಇಳಿಸ್ರಿ. ಹೊಸ ಫಿಲ್ಟರ್ ಹಾಕಿ, ಪೈಪಿನಾಗಿನ ಗಾಳಿ ತೆಗೀರಿ."

ಫೋನ್ ಹಿಡಿದೇ ನಿಂತಿದ್ದೆ. ಬ್ಯಾಟರಿ ಶುರುವಾದ ಹದಿನೇಳನೆಯ ನಿಮಿಷಕ್ಕೆ ಎಂಜಿನ್ ಶಬ್ದ ಕೇಳಿಸಿತು. ಸರ್ವರ್‌ಗಳು ನಿಲ್ಲಲಿಲ್ಲ.

ನಾನು ನ್ಯಾಮತಿ ತಲುಪುವ ಹೊತ್ತಿಗೆ ಮುಖ್ಯ ಕಚೇರಿಗೆ ಸುದ್ದಿ ಹೋಗಿತ್ತು. ಮ್ಯಾನೇಜರ್ ಫೋನ್ ಮಾಡಿದರು: "ಆಪರೇಟರ್ ತಪ್ಪು ಅಂತ ಒಂದು ಸಾಲು ಬರೆದು ಕಳಿಸಿ. ನಾಳೆಯಿಂದ ಬೇರೆಯವರು ಬರ್ತಾರೆ."

ಮಹೇಶಪ್ಪ ಬಾಗಿಲ ಬಳಿ ಎಣ್ಣೆಗೈಯಲ್ಲೇ ನಿಂತಿದ್ದರು. "ಮಗಳ ಕಾಲೇಜು ಇನ್ನೂ ಒಂದು ವರ್ಷ ಐತೆ ಮೇಡಂ" ಎಂದಷ್ಟೇ ಹೇಳಿದರು.

ಆ ಒಂದು ಸಾಲು ಬರೆದರೆ ನನ್ನ ಪ್ರಯೋಗಕ್ಕೆ ಕಳಂಕ ತಟ್ಟುತ್ತಿರಲಿಲ್ಲ. ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. ಬರೆದದ್ದು ಮಾತ್ರ ಹೀಗೆ: "ಇದು ಹೊಂಗೆ ಎಣ್ಣೆಯೇ ಎಂದು ತರಬೇತಿ ಕೊಟ್ಟವಳು ನಾನು. ಡೀಸೆಲ್ ಮುಟ್ಟಬೇಡಿ ಎಂದವಳೂ ನಾನು. ಆಪರೇಟರ್ ಎರಡನ್ನೂ ಪಾಲಿಸಿದ್ದಾರೆ."

ನನಗೆ ಎಚ್ಚರಿಕೆಯ ಮೆಮೊ ಬಂತು. ಮಹೇಶಪ್ಪ ಉಳಿದರು. ಟ್ಯಾಂಕ್ ತೊಳೆಸಿ ಪ್ರಯೋಗ ಮುಂದುವರಿಸಿದೆವು, ಅದು ಗೆದ್ದಿತು. ಈಗ ನಾಲ್ಕೂ ಊರಿನ ಜನರೇಟರ್‌ಗಳು ಬಯೋಡೀಸೆಲ್‌ನಲ್ಲೇ ಓಡುತ್ತಿವೆ.

ನಮ್ಮ ಮಾತು ಯಾರೂ ಕೇಳುವುದಿಲ್ಲ ಎಂದು ನಾವು ಎಂಜಿನಿಯರ್‌ಗಳು ಗೊಣಗುತ್ತೇವೆ. ನನ್ನ ಮಾತನ್ನು ಚಾಚೂ ತಪ್ಪದೆ ಕೇಳಿದ ಒಬ್ಬರು ಅದರಿಂದಲೇ ಕೆಲಸ ಕಳೆದುಕೊಳ್ಳುವುದರಲ್ಲಿದ್ದರು. ಸುಲಭ ಮಾಡಿ ಹೇಳುವ ಭರದಲ್ಲಿ ಅರ್ಧ ಹೇಳಬಾರದು ಎಂಬುದನ್ನು, ಇಷ್ಟು ವರ್ಷ ಆಪರೇಟರ್‌ಗಳಿಗೆ ತರಬೇತಿ ಕೊಟ್ಟ ಮೇಲೆ, ನಾನು ಆ ದಿನ ಕಲಿತೆ.